ಪಕ್ಕದ ಸೀಟಿನ ಬ್ರೇಕು

ನಮ್ಮ ಡ್ರೈವಿಂಗ್ ಸ್ಕೂಲಿನ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂರುವ ನನ್ನ ಕಾಲಿಗೆ. ಇಪ್ಪತ್ತೆಂಟು ವರ್ಷ ಆ ಎರಡನೆಯ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಅನ್ನ ತಿಂದವನು ನಾನು. ನನ್ನ ಬಲಗಾಲಿನ ಬೂಟು ಎಡಗಾಲಿನದಕ್ಕಿಂತ ಮೊದಲು ಸವೆಯುತ್ತದೆ ಎಂಬುದನ್ನು ಬೂಟು ಹೊಲಿಯುವವನೇ ಕಂಡುಹಿಡಿದು ಹೇಳಿದ್ದ. ಇಷ್ಟು ವರ್ಷಗಳಲ್ಲಿ ನನ್ನ ಕಾರು ಒಂದು ನಾಯಿಗೂ ತಾಗಿರಲಿಲ್ಲ. ಸ್ಕೂಲಿನ ಬೋರ್ಡಿನ ಮೇಲೆ ಅದನ್ನೇ ಕೆಂಪಕ್ಷರದಲ್ಲಿ ಬರೆಸಿದ್ದೆ: ಇಪ್ಪತ್ತೆಂಟು ವರ್ಷ, ಒಂದೂ ಅಪಘಾತವಿಲ್ಲ.

ನನ್ನ ಮುಂದೆ ಎಲ್ಲರೂ ಮೇಷ್ಟ್ರೇ ಎನ್ನುತ್ತಿದ್ದರು, ಬೆನ್ನ ಹಿಂದೆ ಬ್ರೇಕ್ ಮೇಷ್ಟ್ರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕಲಿಯುವವರು ಒಂದು ಕ್ಷಣ ತಡಮಾಡಿದರೂ ನನ್ನ ಕಾಲು ಸುಮ್ಮನಿರುತ್ತಿರಲಿಲ್ಲ. ಮೊದಲು ಕಾಲಿನಿಂದ ಕಾರು ನಿಲ್ಲಿಸುವುದು, ಆಮೇಲೆ ಬಾಯಿಬಿಟ್ಟು ಬೈಯುವುದು, ಇದು ನನ್ನ ಪಾಠದ ಕ್ರಮ. ನನ್ನವಳು ಬಂದವರ ಮುಂದೆಲ್ಲ ತಮಾಷೆ ಮಾಡುತ್ತಿದ್ದಳು. ಇವರು ಬಸ್ಸಿನಲ್ಲಿ ಕೂತರೂ ಬ್ರೇಕ್ ಒತ್ತುತ್ತಾರೆ, ನಿದ್ದೆಯಲ್ಲಿ ನನ್ನ ಕಾಲನ್ನೇ ತುಳಿಯುತ್ತಾರೆ ಎಂದು. ನಾನೂ ನಗುತ್ತಿದ್ದೆ. ಒಳಗೊಳಗೆ ಅದು ನನಗೆ ಹೊಗಳಿಕೆಯಾಗಿಯೇ ಕೇಳಿಸುತ್ತಿತ್ತು.

ನಮ್ಮ ಮಗಳು ಕಲಿತದ್ದೂ ಅದೇ ಕಾರಿನಲ್ಲಿ, ಅದೇ ಕಾಲಿನ ಕಾವಲಿನಲ್ಲಿ. ಬೇರೆಯವರಿಗೆ ನಲವತ್ತು ಪಾಠವಾದರೆ ಅವಳಿಗೆ ಎಪ್ಪತ್ತು. ಇರುವವಳು ಒಬ್ಬಳೇ ಮಗಳು. ಬೇರೆಯವರಿಗೆ ಒತ್ತುವುದಕ್ಕಿಂತ ಒಂದು ಗಳಿಗೆ ಮುಂಚೆಯೇ ಅವಳಿಗೆ ಬ್ರೇಕ್ ಒತ್ತುತ್ತಿದ್ದೆ. ಲೈಸೆನ್ಸ್ ಬಂದ ವಾರವೇ ಅವಳಿಗೆ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಲ್ಯಾಬಿನ ಕಾರಿನಲ್ಲಿ ಮನೆಮನೆಗೆ ಹೋಗಿ, ಹಾಸಿಗೆ ಬಿಟ್ಟೇಳಲಾಗದವರ ರಕ್ತದ ಸ್ಯಾಂಪಲ್ ತರುವ ಕೆಲಸ. ಸೂಜಿ ಹಿಡಿಯುವುದರಲ್ಲಿ ಅವಳ ಕೈ ಎಷ್ಟು ಹಗುರವೆಂದರೆ, ಚುಚ್ಚಿದ್ದು ಗೊತ್ತೇ ಆಗುವುದಿಲ್ಲ ಎನ್ನುತ್ತಾರೆ. ಆ ಕೆಲಸಕ್ಕಾಗಿ ಅವಳು ಎರಡು ವರ್ಷ ಕಾದಿದ್ದಳು.

ಅಪಘಾತವಾದದ್ದು ಒಂದು ಭಾನುವಾರ, ಬೆಳಿಗ್ಗೆ ಹತ್ತೂವರೆಗೆ. ಲೈಸೆನ್ಸ್ ಕೈಗೆ ಬಂದು ಹದಿನಾರು ದಿನವಾಗಿತ್ತು. ಮರುದಿನ ಅವಳು ಕೆಲಸಕ್ಕೆ ಸೇರಬೇಕಿತ್ತು. ಲ್ಯಾಬಿನವರು ಬಿಳಿ ಬೂಟು ಹಾಕಿಕೊಂಡೇ ಬರಬೇಕು ಎಂದಿದ್ದರಿಂದ ಅದನ್ನು ಕೊಳ್ಳಲು ಹೊರಟಿದ್ದೆವು. ಹೋದದ್ದು ನಮ್ಮ ಮನೆಯ ಹಳೆಯ ಕಾರಿನಲ್ಲಿ. ಅದಕ್ಕೆ ಎಲ್ಲರ ಕಾರಿಗೂ ಇರುವ ಹಾಗೆ ಒಂದೇ ಬ್ರೇಕು. ಮಗಳು ಸ್ಟೀರಿಂಗ್ ಹಿಡಿದಳು, ನಾನು ರೂಢಿಯಂತೆ ಪಕ್ಕದಲ್ಲಿ ಕೂತೆ.

ಬೀಗ ರಿಪೇರಿ ಅಂಗಡಿಯ ಮುಂದೆ ಎರಡು ರಸ್ತೆಗಳು ಕೂಡುತ್ತವೆ. ಸಿಗ್ನಲ್ ಇಲ್ಲ. ನಾಲ್ಕೂ ಕಡೆ 'ನಿಲ್ಲಿ' ಎಂಬ ಕೆಂಪು ಬೋರ್ಡಿದೆ. ಯಾರು ಮೊದಲು ಬಂದು ನಿಂತರೋ ಅವರು ಮೊದಲು ದಾಟಬೇಕು, ಉಳಿದವರು ಕಾಯಬೇಕು. ಪಾಠದ ದಾರಿಯೂ ಅದೇ ಆದ್ದರಿಂದ ಆ ಬೋರ್ಡಿನ ಹತ್ತಿರ ನಾನು ದಿನಕ್ಕೆ ಹತ್ತು ಸಲ ಬ್ರೇಕ್ ಒತ್ತುವವನು. ಅಂದು ಎಡಗಡೆಯ ರಸ್ತೆಯಲ್ಲಿ ಒಬ್ಬ ಹೆಂಗಸು ಮೊಪೆಡ್ ನಿಲ್ಲಿಸಿ ಕಾಲೂರಿ ನಿಂತಿದ್ದರು. ಮುಂದಿನ ಬುಟ್ಟಿಯಲ್ಲಿ ಬಟ್ಟೆಯ ಗಂಟಿತ್ತು. ನಾನು ಅವರನ್ನು ನೋಡಿದೆ, ಅವರೂ ನನ್ನನ್ನು ನೋಡಿದರು. ಮೊಪೆಡ್ ಮುಂದೆ ಬಂತು.

ನಾನು ಬ್ರೇಕ್ ಒತ್ತಿದೆ. ಎಂದಿನ ಹಾಗೆ ಹದವಾಗಿ ಒತ್ತಿದೆ. ಕಾರು ನಿಲ್ಲಲಿಲ್ಲ. ಮತ್ತೆ ಜೀವ ಬಿಟ್ಟು ಒತ್ತಿದೆ. ನನ್ನ ಕಾಲ ಕೆಳಗೆ ರಬ್ಬರ್ ಮ್ಯಾಟ್ ಬಿಟ್ಟರೆ ಬೇರೇನೂ ಇರಲಿಲ್ಲ. ಬಾಯಿಬಿಟ್ಟು 'ನಿಲ್ಲಿಸು' ಎಂದಿದ್ದರೂ ಸಾಕಿತ್ತು. ಅನ್ನಲಿಲ್ಲ. ನಾನು ಬಾಯಿ ಬಿಡುವುದು ಕಾರು ನಿಂತ ಮೇಲೆ ತಾನೆ. ಮಗಳ ಕಾಲು ಬ್ರೇಕ್ ಮುಟ್ಟುವಷ್ಟರಲ್ಲಿ ಮೊಪೆಡ್ ನಮ್ಮ ಬಂಪರಿನ ಅಡಿಯಲ್ಲಿತ್ತು. ಆ ಹೆಂಗಸು ರಸ್ತೆಯ ಮೇಲೆ ಕೂತು, ಎಡಗೈಯಲ್ಲಿ ಬಲಗೈಯನ್ನು ಎತ್ತಿ ಹಿಡಿದುಕೊಂಡಿದ್ದರು. ಗಂಟಿನಿಂದ ಅರ್ಧ ಹೊಲಿದ ಬ್ಲೌಸುಗಳು ಚೆಲ್ಲಾಡಿ ಬಿದ್ದಿದ್ದವು.

ಅವರು ಟೈಲರ್. ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿತ್ತು. ಮೂಳೆ ಕೂಡಿತು, ಆದರೆ ಮೂರು ಬೆರಳು ಮಡಚಲು ಬರಲಿಲ್ಲ. ಅವರು ಪರಿಹಾರಕ್ಕೆ ಕೇಸು ಹಾಕಿದರು. ಹಾಕಲೇಬೇಕಿತ್ತು, ನಾನಾದರೂ ಹಾಕುತ್ತಿದ್ದೆ. ಪರಿಹಾರ ಕೊಡಬೇಕಾದದ್ದು ನಮ್ಮ ಕಾರಿನ ಇನ್ಶೂರೆನ್ಸ್ ಕಂಪನಿ. ಆದ್ದರಿಂದ ಕಂಪನಿಯ ವಕೀಲರೇ ನಮ್ಮ ಪರವಾಗಿಯೂ ನಿಂತರು. ಮೃದುವಾಗಿ ಮಾತಾಡುವ, ಶಾಯಿ ಪೆನ್ನಿನ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಇರುವ ಮನುಷ್ಯ.

ಅವರು ನಮ್ಮಿಬ್ಬರನ್ನೂ ಕೂರಿಸಿಕೊಂಡು ವಿಷಯ ಬಿಡಿಸಿ ಹೇಳಿದರು. ತಪ್ಪು ಕಾರು, ಮೊಪೆಡ್ ಎರಡರದೂ ಎಂದು ತೀರ್ಮಾನವಾದರೆ ಪರಿಹಾರ ಅರ್ಧಕ್ಕಿಳಿಯುತ್ತದೆ, ಲೈಸೆನ್ಸ್ ಕಚೇರಿಯವರೂ ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತಾರೆ. ತಪ್ಪೆಲ್ಲ ಕಾರಿನದೇ ಎಂದಾದರೆ ಟೈಲರಮ್ಮನಿಗೆ ಪೂರ್ತಿ ಪರಿಹಾರ, ಮಗಳ ಲೈಸೆನ್ಸ್ ಅಮಾನತು. ಲ್ಯಾಬಿನವರು ಆಗಲೇ ಹೇಳಿಬಿಟ್ಟಿದ್ದರು, ಕೇಸು ಮುಗಿಯುವವರೆಗೆ ಒಳಗೆ ಕೂತು ಟ್ಯೂಬುಗಳಿಗೆ ಚೀಟಿ ಅಂಟಿಸಿರಿ, ಲೈಸೆನ್ಸ್ ಉಳಿದರೆ ಕಾರಿನ ಕೆಲಸ, ಇಲ್ಲದಿದ್ದರೆ ನಮಸ್ಕಾರ ಎಂದು. ಆ ಕೂಡುರಸ್ತೆಯಲ್ಲಿ ಕ್ಯಾಮೆರಾ ಇರಲಿಲ್ಲ. ಬೀಗದ ಅಂಗಡಿ ಭಾನುವಾರ ತೆರೆಯುವುದಿಲ್ಲ. ನೋಡಿದವರೆಂದರೆ ಟೈಲರಮ್ಮ, ಮಗಳು ಮತ್ತು ನಾನು.

"ನಿಮ್ಮ ಮಗಳು ಬೋರ್ಡ್ ಹತ್ರ ನಿಧಾನ ಮಾಡಿದ್ರು. ಆಯಮ್ಮ ದಿಢೀರಂತ ನುಗ್ಗಿದ್ರು. ಇಷ್ಟೇ ಹೇಳಿ ಮೇಷ್ಟ್ರೇ," ಎಂದರು ವಕೀಲರು. "ಕೇಳಿದ್ದಕ್ಕಿಂತ ಒಂದು ಮಾತೂ ಜಾಸ್ತಿ ಬೇಡ."

ಪೂರ್ತಿ ಸುಳ್ಳೂ ಅಲ್ಲ. ಬೋರ್ಡಿನ ಹತ್ತಿರ ಮಗಳು ಆಕ್ಸಿಲರೇಟರಿನಿಂದ ಕಾಲು ತೆಗೆದಿದ್ದಳು. ತೆಗೆದು, ಕಾದಿದ್ದಳು. ಏನಕ್ಕೆ ಕಾದಳು ಎಂಬುದು ನನಗೊಬ್ಬನಿಗೇ ಗೊತ್ತು. ಅವಳಿಗೂ ಗೊತ್ತಿರಲಿಲ್ಲ.

ಗೊತ್ತಿರಲಿಲ್ಲ ಎಂದು ನನಗೆ ತಿಳಿದದ್ದು ಅಪಘಾತವಾಗಿ ಎರಡು ತಿಂಗಳ ಮೇಲೆ. ಒಂದು ಸಂಜೆ ಅವಳು ಅಡುಗೆಮನೆಯ ಸಿಂಕಿನ ಮುಂದೆ ನಿಂತು ತಟ್ಟೆ ಒರೆಸುತ್ತಿದ್ದಳು. ನಾನು ನೀರು ಕುಡಿಯಲು ಹೋಗಿದ್ದೆ. ಅವಳು ತಿರುಗದೆಯೇ ಕೇಳಿದಳು.

"ಅಪ್ಪ, ನಂಗೆ ಅವರು ಕಾಣಿಸ್ತಾ ಇದ್ರು. ಚೆನ್ನಾಗಿ ಕಾಣಿಸ್ತಾ ಇದ್ರು. ನನ್ನ ಕಾಲು ಯಾಕೆ ಹೋಗ್ಲಿಲ್ಲ?"

ಕೈಯಲ್ಲಿದ್ದ ಲೋಟದ ನೀರನ್ನು ಪೂರ್ತಿ ಕುಡಿದೆ. ಬಾಯಲ್ಲಿ ನೀರಿರುವಾಗ ಮಾತಾಡುವ ಹಾಗಿಲ್ಲವಲ್ಲ. ಆಮೇಲೆ, ಗಾಬರಿಯಲ್ಲಿ ಹಾಗಾಗುತ್ತದೆ, ಅದನ್ನೇ ಯೋಚಿಸಬೇಡ ಎಂದು ಹೇಳಿ ಹೊರಗೆ ಬಂದುಬಿಟ್ಟೆ. ಅವಳು ಮತ್ತೆಂದೂ ಕೇಳಲಿಲ್ಲ. ಅಂದಿನಿಂದ ಸ್ಟೀರಿಂಗ್ ಮುಟ್ಟಲೂ ಇಲ್ಲ. ಒಂದು ದಿನ ಅವಳ ಅಮ್ಮನ ಹತ್ತಿರ, ನನ್ನಲ್ಲೇ ಏನೋ ಐಬಿದೆ ಅಮ್ಮ, ಬೇರೆಯವರಿಗೆ ತಾನಾಗಿ ಹೋಗುವ ಕಾಲು ನನಗೆ ಹೋಗುವುದಿಲ್ಲ ಎಂದಳಂತೆ. ನನ್ನವಳು ಅದನ್ನು ನನಗೆ ಹೇಳಿ ಕಣ್ಣೊರೆಸಿಕೊಂಡಳು. ನಾನು ಪೇಪರ್ ಓದುತ್ತಿರುವ ಹಾಗೆ ನಟಿಸಿದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಹೇಳಿದ್ದರೆ ಏನಾಗುತ್ತಿತ್ತು ಎಂದು ಈಗ ಯಾರಾದರೂ ಕೇಳಬಹುದು. ಹೇಳಿದ್ದರೆ ಸ್ಕೂಲು ಮುಚ್ಚುತ್ತಿತ್ತು. ಏಕೆಂದರೆ ವಿಷಯ ಪಾಠಕ್ಕೇ ಮುಗಿಯುವುದಿಲ್ಲ. ನಮ್ಮಲ್ಲಿ ಲೈಸೆನ್ಸ್ ಪರೀಕ್ಷೆ ನಡೆಯುವುದು ಸ್ಕೂಲಿನ ಕಾರಿನಲ್ಲೇ. ಪರೀಕ್ಷೆಯ ಅಧಿಕಾರಿ ಹಿಂದಿನ ಸೀಟಿನಲ್ಲಿ ಕೂತು ಹಾಳೆಯ ಮೇಲೆ ಗುರುತು ಹಾಕುತ್ತಾರೆ, ಮೇಷ್ಟ್ರು ಪಕ್ಕದ ಸೀಟಿನಲ್ಲಿ ಸುಮ್ಮನೆ ಕೂತಿರಬೇಕು. ನನ್ನ ಬಾಯಿ, ಕೈ ಎರಡೂ ಸುಮ್ಮನಿರುತ್ತಿದ್ದವು. ಕಾಲು ಮಾತ್ರ ಸುಮ್ಮನಿದ್ದ ದಿನ ನನಗೆ ನೆನಪಿಲ್ಲ. ಬೇಕೆಂದು ಮಾಡಿದ ಮೋಸವಲ್ಲ, ರೂಢಿ. ಆದರೆ ಮೋಸ ಎನ್ನಲು ಅಷ್ಟು ಸಾಕು.

ವಿಚಾರಣೆ ಬಂದದ್ದು ಅಪಘಾತವಾದ ಎಂಟನೆಯ ತಿಂಗಳಲ್ಲಿ. ಕೋರ್ಟಿನ ಎರಡನೆಯ ಮಹಡಿಯ ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ಕೆಂಪು ದಾರ ಕಟ್ಟಿದ ಫೈಲುಗಳು, ಕುಂಯ್ ಎನ್ನುವ ಫ್ಯಾನು, ನಾಲ್ಕು ಸಾಲು ಕುರ್ಚಿ. ನ್ಯಾಯಾಧೀಶರು ವಯಸ್ಸಾದವರು, ಓದುವಾಗ ಕನ್ನಡಕವನ್ನು ಹಣೆಗೇರಿಸಿಕೊಳ್ಳುವವರು. ಅವರ ಕೆಳಗೆ ಒಬ್ಬಾಕೆ ಟೈಪಿಸ್ಟ್. ನಾನು, ನನ್ನವಳು, ಮಗಳು ಮೂವರೂ ಎರಡನೆಯ ಸಾಲಿನಲ್ಲಿ ಕೂತೆವು. ಮಗಳು ಆಮೇಲೆ ಕೊಂಡ ಆ ಬಿಳಿ ಬೂಟನ್ನು ಹಾಕಿಕೊಂಡು ಬಂದಿದ್ದಳು. ಲ್ಯಾಬಿನೊಳಗೂ ಅದನ್ನೇ ಹಾಕಬೇಕಂತೆ.

ಮೊದಲು ಟೈಲರಮ್ಮನನ್ನು ಕರೆದರು. ಅವರ ಪರವಾಗಿ ನಿಂತದ್ದು ಒಬ್ಬ ಚಿಕ್ಕ ವಯಸ್ಸಿನ ವಕೀಲೆ. ಅವರಿಗೆ ಅಂದು ವಿಪರೀತ ನೆಗಡಿ, ಎರಡು ಮಾತಿಗೊಮ್ಮೆ ಕರ್ಚೀಫು. ಅವರು ಕೇಳಬೇಕಾದದ್ದನ್ನು ಕೇಳಿ ಕೂತರು. ನಮ್ಮ ವಕೀಲರು ಎದ್ದು, ಡಾಕ್ಟರ ಸರ್ಟಿಫಿಕೇಟಿನ ಪ್ರಕಾರ ನಿಮ್ಮ ಎಡಗೈ ಚೆನ್ನಾಗಿಯೇ ಇದೆ, ಎಡಗೈಯಲ್ಲಿ ಕೆಲಸ ರೂಢಿಸಿಕೊಳ್ಳಬಹುದಲ್ಲ ಎಂದು ಬಹಳ ಕನಿಕರದಿಂದ ಕೇಳಿದರು.

"ಕತ್ತರಿ ಬಲಗೈಗೇ ಮಾಡಿರೋದು ಸರ್," ಎಂದರು ಟೈಲರಮ್ಮ. "ಎಡಗೈಲಿ ಹಿಡಿದ್ರೆ ಬಟ್ಟೆ ಕತ್ತರಿಸಲ್ಲ, ಮಡಚ್ಕೊಳ್ಳುತ್ತೆ."

ಕತ್ತರಿಯ ಮಾತು ಎತ್ತಿದ್ದೇ ತಪ್ಪಾಯಿತೆಂದು ವಕೀಲರಿಗೆ ಅನ್ನಿಸಿರಬೇಕು. ತಕ್ಷಣ ಕೂಡುರಸ್ತೆಯ ವಿಷಯಕ್ಕೆ ಬಂದರು. ಕಾರು ಬರುತ್ತಿದ್ದದ್ದು ಕಾಣಿಸಿತ್ತೇ? ಕಾಣಿಸಿತ್ತು. ಆದರೂ ಮುಂದೆ ಬಂದಿರಿ? ಬಂದೆ. ಅಂದರೆ ನುಗ್ಗಿದಿರಿ? ಇಲ್ಲ, ನುಗ್ಗಲಿಲ್ಲ, ನಿಂತಿದ್ದೆ, ನನ್ನ ಸರದಿ ಎಂದು ಬಂದೆ.

"ಬರ್ತಾ ಇರೋ ಕಾರನ್ನ ನೋಡಿ, ಯಾವ ಧೈರ್ಯದ ಮೇಲೆ ಬಂದ್ರಮ್ಮ?"

"ಪಕ್ಕದಲ್ಲಿ ಕೂತಿದ್ದೋರು ನನ್ನನ್ನ ನೋಡಿದ್ರು ಸರ್. ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ರು. ನೋಡಿದಾರಲ್ಲ, ನಿಲ್ಲಿಸ್ತಾರೆ ಅಂತ ಬಂದೆ."

ವಕೀಲರು ನ್ಯಾಯಾಧೀಶರ ಕಡೆ ತಿರುಗಿ ಸಣ್ಣಗೆ ನಕ್ಕರು. ಪಕ್ಕದಲ್ಲಿ ಕೂತವರ ಹತ್ತಿರ ಬ್ರೇಕ್ ಇರುತ್ತದೇನಮ್ಮ ಎಂದು ಕೇಳಿದರು. ಹಿಂದಿನ ಸಾಲುಗಳಲ್ಲಿ ನಗು ಎದ್ದಿತು. ಟೈಪಿಸ್ಟ್ ಕೂಡ ತುಟಿ ಕಚ್ಚಿಕೊಂಡರು. ಟೈಲರಮ್ಮ ಮಾತ್ರ ನಗಲಿಲ್ಲ. ನಗು ನಿಲ್ಲುವವರೆಗೆ ಕಾದು ಹೇಳಿದರು.

"ಇವರ ಹತ್ರ ಇರುತ್ತೆ ಸರ್. ಇವರು ಡ್ರೈವಿಂಗ್ ಸ್ಕೂಲ್ ಮೇಷ್ಟ್ರು. ನನ್ನ ತಂಗೀಗೂ ಇವರೇ ಕಲಿಸಿದ್ದು. ಮೇಷ್ಟ್ರು ಪಕ್ಕದಲ್ಲಿದ್ರೆ ಏನೂ ಆಗಲ್ಲ ಅಂತ ಅವಳು ಯಾವಾಗ್ಲೂ ಅಂತಾಳೆ."

ಎಂಟು ತಿಂಗಳು ನಾನು ಲೆಕ್ಕ ಹಾಕಿದ್ದು ಮಗಳೊಬ್ಬಳೇ ನನ್ನ ಕಾಲನ್ನು ನಂಬಿ ಕೂತಿದ್ದಳು ಎಂದು. ಆಕೆಯೂ ನಂಬಿದ್ದರು. ಕಾರಿನ ಒಳಗಿದ್ದವಳು, ಹೊರಗಿದ್ದವರು, ಇಬ್ಬರೂ ಮೇಷ್ಟ್ರಿದ್ದಾರೆ ಎಂದು ನಿಶ್ಚಿಂತೆಯಾಗಿದ್ದರು. ಮೇಷ್ಟ್ರು ರಬ್ಬರ್ ಮ್ಯಾಟ್ ತುಳಿಯುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಮಗಳನ್ನು ನೋಡುವ ಧೈರ್ಯ ನನಗಾಗಲಿಲ್ಲ.

ಆಮೇಲೆ ನನ್ನ ಸರದಿ. ನಮ್ಮ ವಕೀಲರು ಮೊದಲೇ ಕಲಿಸಿದ್ದನ್ನೇ ಕೇಳಿದರು. ನಿಮ್ಮ ಮಗಳು ಬೋರ್ಡಿನ ಹತ್ತಿರ ನಿಧಾನ ಮಾಡಿದರೇ? ಆಕ್ಸಿಲರೇಟರಿನಿಂದ ಕಾಲು ತೆಗೆದಳು ಎಂದೆ. ಮೊಪೆಡ್ ದಿಢೀರನೆ ಬಂತೇ? ಮೊಪೆಡ್ ಬಂತು ಎಂದಷ್ಟೇ ಹೇಳಿದೆ. ವಕೀಲರ ಪೆನ್ನಿನ ಮುಚ್ಚಳ ಒಂದು ಕ್ಷಣ ಗಾಳಿಯಲ್ಲಿ ನಿಂತು, ಮತ್ತೆ ಟಕ್ ಎಂದು ಕೂತಿತು. ಅಷ್ಟು ಸಾಕು ಎನ್ನುವ ಹಾಗೆ ಅವರು ತಲೆಯಾಡಿಸಿ ಕುಳಿತರು.

ನೆಗಡಿಯ ವಕೀಲೆ ಎದ್ದರು. ಫೈಲಿನಿಂದ ಒಂದು ಫೋಟೋ ತೆಗೆದು ನನ್ನ ಮುಂದಿಟ್ಟರು. ಅಪಘಾತದ ಮರುದಿನ ಇನ್ಶೂರೆನ್ಸ್ ಕಂಪನಿಯ ತನಿಖೆಯವನು ಕಾರಿನ ಒಳಗೂ ಹೊರಗೂ ಫೋಟೋ ತೆಗೆದಿದ್ದ. ಅವೆಲ್ಲ ಕೋರ್ಟಿನ ಫೈಲಿಗೆ ಸೇರಿದ್ದವು, ಅದರಲ್ಲಿ ಇದೊಂದು. ಎಡಗಡೆ ಸೀಟಿನ ಮುಂದಿನ ರಬ್ಬರ್ ಮ್ಯಾಟು. ಮ್ಯಾಟ್ ಮುಂದಕ್ಕೆ ಸರಿದು ಮಡಚಿಕೊಂಡಿತ್ತು. ನಡುವೆ ಹಿಮ್ಮಡಿಯಷ್ಟು ಅಗಲಕ್ಕೆ ಹರಿದಿತ್ತು.

ಇದು ನಿಮ್ಮ ಬೂಟಿನಿಂದ ಆದದ್ದೇ ಎಂದು ಕೇಳಿದರು. ಹೌದು ಎಂದೆ. ನಮ್ಮ ವಕೀಲರು ಅರ್ಧ ಎದ್ದು, ಗುದ್ದಿದಾಗ ಕೂತವರ ಕಾಲು ಮುಂದಕ್ಕೆ ಚಾಚುವುದು ಸಹಜ, ಇದರಲ್ಲೇನಿದೆ ಎಂದರು. ಅವರು ನನಗೆ ಉತ್ತರವನ್ನು ತಟ್ಟೆಯಲ್ಲಿಟ್ಟು ಕೊಡುತ್ತಿದ್ದರು. ನ್ಯಾಯಾಧೀಶರು ಸಾಕ್ಷಿಯೇ ಹೇಳಲಿ ಎಂದು ಅವರನ್ನು ಕೂರಿಸಿದರು.

"ಮೇಷ್ಟ್ರೇ," ಎಂದರು ವಕೀಲೆ ಕರ್ಚೀಫು ಇಳಿಸಿ, "ಈ ಕಾಲು ಹೋಗಿದ್ದು ಗುದ್ದಿದ ಮೇಲೋ, ಗುದ್ದೋಕೆ ಮುಂಚೆನೋ?"

ಗುದ್ದಿದ ಮೇಲೆ ಎಂದರೆ ಮುಗಿಯಿತು. ಎರಡೇ ಪದ. ಮಗಳಿಗೆ ಲೈಸೆನ್ಸ್, ಲ್ಯಾಬಿನ ಕಾರು, ನನಗೆ ಸ್ಕೂಲು, ಬೋರ್ಡಿನ ಮೇಲಿನ ಕೆಂಪಕ್ಷರ. ಟೈಲರಮ್ಮನಿಗೂ ಅರ್ಧವಾದರೂ ಸಿಗುತ್ತದಲ್ಲ ಎಂದು ಮನಸ್ಸು ಚೌಕಾಸಿ ಮಾಡುತ್ತಿತ್ತು. ಎರಡನೆಯ ಸಾಲಿನಲ್ಲಿ ಮಗಳು ತಲೆ ತಗ್ಗಿಸಿ ತನ್ನ ಬಲಗಾಲಿನ ಬೂಟನ್ನೇ ನೋಡುತ್ತಿದ್ದಳು. ಅದು ಬೇರೆ ಯಾರದೋ ಕಾಲು, ತನ್ನ ಮಾತು ಕೇಳದ ಕಾಲು ಎನ್ನುವ ಹಾಗೆ ನೋಡುತ್ತಿದ್ದಳು. ಅದನ್ನು ನೋಡಲು ನನ್ನಿಂದಾಗಲಿಲ್ಲ.

"ಮುಂಚೆ," ಎಂದೆ.

"ಎಷ್ಟು ಮುಂಚೆ?"

"ಎರಡು ಸಲ ಒತ್ತುವಷ್ಟು ಮುಂಚೆ. ಒಂದ್ಸಲ ಮೆತ್ತಗೆ ಒತ್ತಿದೆ. ನಿಲ್ಲಲಿಲ್ಲ. ಇನ್ನೊಂದ್ಸಲ ಜೋರಾಗಿ ಒತ್ತಿದೆ. ಆಮೇಲೆ ಗುದ್ದಿತು."

ನಮ್ಮ ವಕೀಲರು ಪೆನ್ನನ್ನು ಮೇಜಿನ ಮೇಲಿಟ್ಟುಬಿಟ್ಟರು. ಇಲ್ಲದ ಬ್ರೇಕನ್ನು ಯಾಕೆ ಒತ್ತಿದಿರಿ ಎಂದು ವಕೀಲೆ ಕೇಳಿದರು. ನಾನು ಎಲ್ಲವನ್ನೂ ಹೇಳಿದೆ. ಆ ಕೂಡುರಸ್ತೆ ನಮ್ಮ ಪಾಠದ ದಾರಿ ಎಂದು, ಎರಡು ಬ್ರೇಕಿನ ಕಾರೆಂದು, ಇಪ್ಪತ್ತೆಂಟು ವರ್ಷದ ರೂಢಿಯೆಂದು. ಒಮ್ಮೆ ಬಾಯಿಬಿಟ್ಟ ಮೇಲೆ ನಿಲ್ಲಿಸಲು ಗೊತ್ತಾಗಲಿಲ್ಲ.

"ನಿಮ್ಮ ಮಗಳು ಆಗ ಏನ್ಮಾಡ್ತಿದ್ರು?"

"ನನ್ನ ಬ್ರೇಕಿಗೆ ಕಾಯ್ತಿದ್ಲು. ಅವಳ ತಪ್ಪಲ್ಲಮ್ಮ ಅದು. ಎಪ್ಪತ್ತು ಪಾಠದಲ್ಲಿ ಆ ಬೋರ್ಡ್ ಹತ್ರ ಒಂದೇ ಒಂದು ಸಲನೂ ನಾನು ಅವಳಿಗೆ ಬ್ರೇಕ್ ಒತ್ತೋಕೆ ಬಿಟ್ಟಿಲ್ಲ. ಅವಳ ಕಾಲಿಗೆ ಏನೂ ಆಗಿಲ್ಲ. ನಾನು ಅದಕ್ಕೆ ಕಲಿಸಿಲ್ಲ, ಅಷ್ಟೇ."

ಕೊನೆಯ ಮಾತನ್ನು ನಾನು ವಕೀಲೆಗೆ ಹೇಳಲಿಲ್ಲ, ಎರಡನೆಯ ಸಾಲಿಗೆ ಹೇಳಿದೆ. ಮಗಳು ತಲೆ ಎತ್ತಿದ್ದಳು. ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ, ನನ್ನನ್ನು ದುರುಗುಟ್ಟಿ ನೋಡುತ್ತಿದ್ದಳು.

ಅಷ್ಟಕ್ಕೇ ಬಿಡಬಹುದಿತ್ತು. ನ್ಯಾಯಾಧೀಶರು ಬಿಡಲಿಲ್ಲ. ಕನ್ನಡಕ ಹಣೆಗೇರಿಸಿ, ಹಾಗಾದರೆ ಲೈಸೆನ್ಸ್ ಪರೀಕ್ಷೆಯ ದಿನ ಕಾರು ನಿಲ್ಲಿಸಿದ್ದು ಯಾರು ಎಂದು ಕೇಳಿದರು. ಪಕ್ಕದಲ್ಲಿ ನಾನೇ ಇದ್ದೆ ಸ್ವಾಮಿ ಎಂದೆ. ಕೇಳಿದ್ದು ಅದಲ್ಲ ಎಂದರು. ಒತ್ತಿದೆ ಎಂದೆ. ಇವರಿಗೊಬ್ಬರಿಗೋ, ಎಲ್ಲರಿಗೋ ಎಂದರು. ಎಲ್ಲರಿಗೂ ಎಂದೆ. ಟೈಪಿಸ್ಟ್ ಬೆರಳು ನಿಲ್ಲಿಸಿ ನನ್ನ ಮುಖ ನೋಡಿದರು. ಅವರೂ ಹನ್ನೆರಡು ವರ್ಷದ ಹಿಂದೆ ನನ್ನ ಹತ್ತಿರವೇ ಕಲಿತವರು. ಬರ್ಕೊಳ್ಳಿ ಎಂದು ನ್ಯಾಯಾಧೀಶರು ಎರಡನೆಯ ಸಲ ಹೇಳಬೇಕಾಯಿತು.

ಹೊರಗೆ ಮೆಟ್ಟಿಲ ಮೇಲೆ ಮಗಳು ನನಗಾಗಿ ಕಾದು ನಿಂತಿದ್ದಳು. ಹತ್ತಿರ ಹೋಗುತ್ತಲೇ ಅವಳು ಹೇಳಿದ್ದು ಒಂದೇ ಮಾತು.

"ಸಿಂಕ್ ಹತ್ರ ಕೇಳಿದ್ನಲ್ಲ ಅಪ್ಪ. ಆವತ್ತು ಯಾಕೆ ಹೇಳ್ಲಿಲ್ಲ?"

ಈ ಸಲ ನನ್ನ ಕೈಯಲ್ಲಿ ನೀರಿನ ಲೋಟವಿರಲಿಲ್ಲ. ಅವಳು ಅಮ್ಮನ ಕೈ ಹಿಡಿದು ಇಳಿದು ಹೋದಳು. ಅವರಿಬ್ಬರೂ ಬಸ್ಸಿನಲ್ಲಿ ಮನೆಗೆ ಬಂದರು, ನಾನು ನಡೆದು ಬಂದೆ.

ಆದೇಶ ಬರಲು ಮೂರು ವಾರ ಹಿಡಿಯಿತು. ಮೊಪೆಡ್ ನಿಯಮದಂತೆ ನಿಂತು, ತನ್ನ ಸರದಿಯಲ್ಲಿ ದಾಟಿತ್ತು, ತಪ್ಪೆಲ್ಲ ಕಾರಿನದೇ ಎಂದು ಬರೆದಿದ್ದರು. ಮಗಳಿಗೆ ಪಾಸಾಗುವ ಯೋಗ್ಯತೆ ಇರಲಿಲ್ಲ, ಆದ್ದರಿಂದ ತಾವು ಕೊಡಬೇಕಿಲ್ಲ ಎಂದು ಕಂಪನಿಯವರು ಕೊನೆಯ ಗಳಿಗೆಯಲ್ಲಿ ಕೈ ಕೊಡವಿ ನೋಡಿದರು. ಅಪಘಾತದ ದಿನ ಲೈಸೆನ್ಸ್ ಇತ್ತಲ್ಲ, ಕೊಡಿ ಎಂದು ನ್ಯಾಯಾಧೀಶರು ಒಂದೇ ಸಾಲಿನಲ್ಲಿ ಬಾಯಿ ಮುಚ್ಚಿಸಿದರು. ಟೈಲರಮ್ಮನಿಗೆ ಪೂರ್ತಿ ಪರಿಹಾರ ಸಿಕ್ಕಿತು. ಬೆರಳು ಸಿಗಲಿಲ್ಲ. ಈಗ ಅವರು ಅಳತೆ ತೆಗೆದು ಗುರುತು ಹಾಕಿ ಕೊಡುತ್ತಾರೆ, ಕತ್ತರಿಸುವುದು ಅವರ ತಂಗಿ.

ಮಗಳ ಲೈಸೆನ್ಸ್ ಆರು ತಿಂಗಳು ಅಮಾನತಾಯಿತು, ಆಮೇಲೆ ಹೊಸದಾಗಿ ಪರೀಕ್ಷೆ. ನನ್ನ ಸ್ಕೂಲಿನ ಪರವಾನಗಿ ರದ್ದಾಯಿತು. ಹಿಂದಿನ ಎರಡು ವರ್ಷ ನನ್ನಲ್ಲಿ ಕಲಿತವರನ್ನೆಲ್ಲ ಕರೆಸಿ, ಪಕ್ಕದ ಸೀಟನ್ನು ಖಾಲಿ ಬಿಟ್ಟು ಮತ್ತೆ ಪರೀಕ್ಷೆ ಮಾಡಿದರು. ನೂರ ನಾಲ್ಕು ಜನರಲ್ಲಿ ಮೂವತ್ತೊಂದು ಜನ ಫೇಲಾದರು. ಹಾಲಿನ ಅಂಗಡಿಗೆ ಹೋದರೆ ಒಬ್ಬ, ಕ್ಷೌರದಂಗಡಿಗೆ ಹೋದರೆ ಇನ್ನೊಬ್ಬ, ಎಲ್ಲರೂ ಮುಖಕ್ಕೆ ಮಂಗಳಾರತಿ ಎತ್ತುವವರೇ. ಬೋರ್ಡನ್ನು ನಾನೇ ಏಣಿ ಹಾಕಿ ಇಳಿಸಿದೆ.

ಮಗಳು ಆರು ತಿಂಗಳು ನನ್ನೊಡನೆ ಬೇಕಾದಷ್ಟೇ ಮಾತಾಡಿದಳು. ಉಪ್ಪು ಕೊಡು, ಗ್ಯಾಸ್ ಬಂತು, ಅಷ್ಟು. ಲ್ಯಾಬಿನವರು ನಮಸ್ಕಾರ ಹೇಳಿಬಿಡುತ್ತಿದ್ದರು. ಅವಳೇ ಹೋಗಿ, ಹೊಸ ಪರೀಕ್ಷೆ ಪಾಸಾಗಿ ತೋರಿಸುತ್ತೇನೆ, ಅಲ್ಲಿಯವರೆಗೆ ಚೀಟಿ ಅಂಟಿಸುತ್ತೇನೆ ಎಂದು ಜಗಳವಾಡಿ ಜಾಗ ಉಳಿಸಿಕೊಂಡಳು. ಪರೀಕ್ಷೆಗೆ ಹದಿನೈದು ದಿನವಿರುವಾಗ ಕಲಿಯುವವರ ಪರವಾನಗಿಯನ್ನೂ ಮನೆಯ ಕಾರಿನ ಕೀಲಿಯನ್ನೂ ತಂದು ನನ್ನ ತಟ್ಟೆಯ ಪಕ್ಕದಲ್ಲಿಟ್ಟಳು.

"ಕಲಿಸು ಬಾ," ಎಂದಳು. "ಆದ್ರೆ ಕಾಲು ಮೇಲಿಟ್ಕೊಂಡು ಕೂತ್ಕೋಬೇಕು."

ಅರವತ್ತರ ಹತ್ತಿರದ ನಾನು ಕಾರಿನ ಸೀಟಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ. ಮಂಡಿ ಲಟಕ್ಕೆಂದಿತು. ಸೀಟ್ ಬೆಲ್ಟನ್ನು ಮಗಳೇ ಎಳೆದು ಹಾಕಿದಳು. ನನ್ನವಳು ಬಾಗಿಲಲ್ಲಿ ನಿಂತು, ಊಟದ ಪಂಕ್ತಿಗೆ ಕೂತ ಹಾಗಿದ್ದೀರಿ ಎಂದು ನಕ್ಕಳು. ಎಷ್ಟೋ ತಿಂಗಳ ಮೇಲೆ ಕೇಳಿದ ನಗು ಅದು.

ಮಗಳು ನನ್ನನ್ನು ಕೇಳದೆಯೇ ಬೀಗದ ಅಂಗಡಿಯ ದಾರಿ ಹಿಡಿದಳು. ಬೋರ್ಡು ದೂರದಿಂದಲೇ ಕಂಡಿತು. ಎಡಗಡೆಯ ರಸ್ತೆಯಲ್ಲಿ ಒಂದು ಬ್ರೆಡ್ ವ್ಯಾನು ಬಂದು ನಿಂತಿತು. ನನ್ನ ಬಲಗಾಲು ಎಡತೊಡೆಯ ಕೆಳಗಿನಿಂದ ಕಿತ್ತುಕೊಂಡು ಹೊರಬರಲು ನೋಡಿತು. ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದೆ. ಬಾಯಿಬಿಡಲೇ ಎನ್ನಿಸಿತು. ಈ ಸಲ ಬಾಯಿ ಬಿಟ್ಟರೂ ಅದೂ ಬ್ರೇಕೇ ಎಂದು ಹಲ್ಲು ಕಚ್ಚಿದೆ. ವ್ಯಾನು ಅಲುಗಿತು. ಬೋರ್ಡು ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ನಿಲ್ಲುವುದಿಲ್ಲ, ಮತ್ತೆ ಅದೇ ಆಗುತ್ತದೆ ಎಂದುಕೊಂಡೆ.

ಕಾರು ನಿಂತಿತು. ಬಿಳಿ ಗೆರೆಗಿಂತ ಒಂದು ಗೇಣು ಹಿಂದೆ, ಮೆತ್ತಗೆ ನಿಂತಿತು. ನಾನು ಅಷ್ಟು ಮೆತ್ತಗೆ ಯಾವತ್ತೂ ನಿಲ್ಲಿಸಿರಲಿಲ್ಲ.

ವ್ಯಾನಿನವನು ನಮ್ಮ ಕಡೆ ನೋಡಿದ. ಅಭ್ಯಾಸಬಲದಿಂದ ನಾನು ಹೋಗಪ್ಪ ಎಂದು ಕೈಯೆತ್ತಿದೆ. ಅವನು ನನ್ನ ಕೈಯನ್ನು ಗಮನಿಸಲೇ ಇಲ್ಲ. ಅವನು ನೋಡಿದ್ದು ಮಗಳನ್ನು. ಅವಳು ತಲೆಯಾಡಿಸಿದಳು, ಅವನು ದಾಟಿದ.

ನನ್ನ ಕಾಲು ಜೋಮು ಹಿಡಿದಿತ್ತು. ಕಣ್ಣಲ್ಲಿ ನೀರು ಬಂದದ್ದು ಅದಕ್ಕೇ ಎಂದುಕೊಂಡು ಮೆಲ್ಲಗೆ ಕಾಲು ಸಡಿಲಿಸಲು ಹೋದೆ.

"ಇಳಿಸ್ಬೇಡ ಅಪ್ಪ," ಎಂದಳು ಮಗಳು, ರಸ್ತೆಯ ಮೇಲಿನ ಕಣ್ಣು ತೆಗೆಯದೆ. "ಮುಂದೆ ಇನ್ನೂ ಎರಡು ಬೋರ್ಡಿದೆ."